ಅಕ್ಕೋರು ರಾಣಿಯಾದ ವರ್ಷ

ಅಕ್ಕೋರು ರಸ್ತೆಯ ನಟ್ಟನಡುವೆ ನಡೆಯುತ್ತಿದ್ದರು. ಕಬ್ಬಿನ ಹಂಗಾಮಿನಲ್ಲಿ ಜಮಖಂಡಿಯ ಪೇಟೆಯೊಳಗೆ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಬರುವಾಗಲೂ ಅವರು ಬದಿಗೆ ಸರಿದವರಲ್ಲ. ಎಡಗೈಯಲ್ಲಿ ಮಡಚಿದ ಕೊಡೆ, ಬಲಗೈಯಲ್ಲಿ ಬಟ್ಟೆಯ ಚೀಲ. ಹಿಂದಿನಿಂದ ಯಾರಾದರೂ ಹಾರ್ನ್ ಬಾರಿಸಿದರೆ ನಿಂತು, ಪೂರ್ತಿ ತಿರುಗಿ, ಕನ್ನಡಕ ಸರಿಪಡಿಸಿಕೊಂಡು, "ಯಾವ ವರ್ಷದ ಬ್ಯಾಚೋ ನೀ?" ಎಂದು ಕೇಳುತ್ತಿದ್ದರು. ಅರ್ಧಕ್ಕರ್ಧ ಡ್ರೈವರುಗಳು ಅವರ ಕೈಯಲ್ಲಿ ಇತಿಹಾಸ ಕಲಿತವರೇ. ಇಂಜಿನ್ ಸಣ್ಣದು ಮಾಡಿ, ಅವರು ತಮ್ಮ ಓಣಿಗೆ ಹೊರಳುವವರೆಗೆ ಹಿಂದೆ ಹಿಂದೆ ತೆವಳುತ್ತಿದ್ದರು.

ನಮ್ಮ ಕಡೆ ಸಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನೆಲ್ಲ ಅಕ್ಕೋರು ಎಂದೇ ಕರೆಯುತ್ತೇವೆ. ಊರಿನಲ್ಲಿ ಹತ್ತಾರು ಅಕ್ಕೋರು ಇದ್ದರು, ಈಗಲೂ ಇದ್ದಾರೆ. ಆದರೆ ಬರೀ "ಅಕ್ಕೋರು" ಎಂದರೆ ಇವರೇ ಎಂದು ತಿಳಿಯುತ್ತಿತ್ತು. ಅವರು ತೀರಿಕೊಂಡು ಎಂಟು ತಿಂಗಳಾಯಿತು. ಮೂವರು ತಮ್ಮಂದಿರೂ ಬಂದು, ಯಾವುದರಲ್ಲೂ ಕಡಿಮೆ ಮಾಡದೆ ಮಣ್ಣು ಮಾಡಿದರು. ನಾನೂ ಒಂದು ಹಿಡಿ ಮಣ್ಣು ಹಾಕಿ ಬಂದೆ. ಅಂದಿನಿಂದ ಬರೆಯಬೇಕು ಅನ್ನುವುದೂ, ಬೇಡ ಅನ್ನುವುದೂ ನಡೆದೇ ಇದೆ.

ನಾನು ಅಂಚೆ ಕಚೇರಿಯ ಗುಮಾಸ್ತ. ಎಂಟನೆಯ ಇಯತ್ತೆಯಿಂದ ಹತ್ತನೆಯವರೆಗೆ ಅವರ ವಿದ್ಯಾರ್ಥಿ. ಅವರ ತರಗತಿಯಲ್ಲಿ ಯಾರೂ ಪುಸ್ತಕ ತೆರೆಯಬಾರದಿತ್ತು. ಮೇಜಿಗೆ ಒರಗಿ ನಿಂತು, ಬೆರಳಿಗಂಟಿದ ಸೀಮೆಸುಣ್ಣವನ್ನು ಸೆರಗಿನ ತುದಿಗೆ ಒರೆಸಿಕೊಳ್ಳುತ್ತ, ಓಣಿಯ ಜಗಳ ಹೇಳಿದ ಹಾಗೆ ರಾಜರ ಜಗಳ ಹೇಳುತ್ತಿದ್ದರು. ಇಸವಿ ತಪ್ಪಿದರೆ ಬೈಯುತ್ತಿರಲಿಲ್ಲ. "ಇಸ್ವಿ ತಪ್ಪಿದ್ರ ನಡೀತೈತೋ ತಮ್ಮಾ. ಯಾರು ಯಾರಿಗೆ ಏನು ಮಾಡಿದ್ರು, ಅದು ತಪ್ಪಬಾರ್ದು" ಎನ್ನುತ್ತಿದ್ದರು. ಗಂಡು ಹುಡುಗರೆಲ್ಲ ಅವರಿಗೆ ತಮ್ಮಂದಿರೇ. ನನಗೆ ನಲವತ್ತು ದಾಟಿದ ಮೇಲೂ, ಕೌಂಟರಿನ ಕಿಂಡಿಯಲ್ಲಿ ಮುಖವಿಟ್ಟು "ತಮ್ಮಾ, ಎರಡು ಅಂಚೆ ಲಕೋಟಿ ಕೊಡು" ಎಂದೇ ಕೇಳುತ್ತಿದ್ದರು.

ಖರೆ ತಮ್ಮಂದಿರು ಮೂವರು. ಅಕ್ಕೋರಿಗೆ ಇಪ್ಪತ್ತು ತುಂಬುವುದರೊಳಗೆ ತಾಯಿ ಹೋದರು. ತಂದೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದರು. ಶಿಕ್ಷಕಿಯ ನೌಕರಿ ಹಿಡಿದು ಮೂವರನ್ನೂ ಓದಿಸಿ, ಮದುವೆ ಮಾಡಿ ದಡ ಸೇರಿಸಿದವರು ಇವರೇ. ದೊಡ್ಡವರು ಮುಧೋಳದಲ್ಲಿ ರಸಗೊಬ್ಬರದ ಅಂಗಡಿ ಇಟ್ಟರು, ನಡುವಿನವರು ಸಮೀರವಾಡಿಯ ಕಡೆ ನೌಕರಿ ಹಿಡಿದರು, ಸಣ್ಣವರು ಬೀಳಗಿಯಲ್ಲಿ ಹಾರ್ಡ್‌ವೇರ್ ಅಂಗಡಿ ಹಾಕಿಕೊಂಡರು. ಜಮಖಂಡಿಯ ತಂದೆಯ ಮನೆಯಲ್ಲಿ ಅಕ್ಕೋರೊಬ್ಬರೇ ಉಳಿದರು. ನಾಗರ ಪಂಚಮಿಗೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ತವರಿಗೆ ಕರೆಯಲು ಬರುವುದು ನಮ್ಮಲ್ಲಿ ವಾಡಿಕೆ. ಇವರದು ತಿರುವು ಮುರುವು. ತಮ್ಮಂದಿರೇ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅಕ್ಕನ ಮನೆಗೆ ಬರುತ್ತಿದ್ದರು. ಶೇಂಗಾದುಂಡಿ, ಎಳ್ಳುಂಡಿ, ತಂಬಿಟ್ಟು ಎಂದು ಅಕ್ಕೋರು ನಾಲ್ಕು ದಿನ ಮೊದಲೇ ಉಂಡಿ ಕಟ್ಟಲು ಕೂರುತ್ತಿದ್ದರು. ವರ್ಷದಲ್ಲಿ ಆ ಎರಡು ದಿನ ಮಾತ್ರ ಅವರ ಮನೆಯ ಬಾಗಿಲಲ್ಲಿ ಹೆಚ್ಚು ಚಪ್ಪಲಿಗಳು ಕಾಣುತ್ತಿದ್ದವು.

ನಾಟಕಕ್ಕೆ ಅವರು ಬಂದದ್ದು ನನ್ನಿಂದ. ನಾಲ್ಕು ಊರಿನ ಹವ್ಯಾಸಿಗಳು ಸೇರಿ ನಾವೊಂದು ಬಳಗ ಕಟ್ಟಿಕೊಂಡಿದ್ದೆವು. ಬನಹಟ್ಟಿಯಲ್ಲಿ ಮಗ್ಗ ಇಟ್ಟುಕೊಂಡಿದ್ದ ಒಬ್ಬರು ನಮ್ಮ ನಿರ್ದೇಶಕರು. ಅವರನ್ನು ನಾವು ಮಾಸ್ತರ ಎನ್ನುತ್ತಿದ್ದೆವು. ಆ ವರ್ಷ ಎತ್ತಿಕೊಂಡದ್ದು ಹಳೆಯ ಕಾಲದ ರಾಜಮನೆತನದ ಕಥೆ. ಊರಿನವರೇ ಆದ ಒಬ್ಬ ಸಾಹಿತಿಗಳು ಬರೆದಿಟ್ಟು ತೀರಿಕೊಂಡಿದ್ದರು, ಅಚ್ಚಾಗಿರಲಿಲ್ಲ. ರಾಜ ಯುದ್ಧದಲ್ಲಿ ಸೆರೆ ಸಿಕ್ಕು ಒಂಬತ್ತು ವರ್ಷ ವೈರಿಯ ಕೋಟೆಯಲ್ಲಿ ಕೊಳೆಯುತ್ತಾನೆ. ಅಷ್ಟೂ ವರ್ಷ ರಾಣಿ ರಾಜ್ಯ ಆಳುತ್ತಾಳೆ, ಮೂವರು ಗಂಡುಮಕ್ಕಳನ್ನು ಬೆಳೆಸುತ್ತಾಳೆ. ರಾಜ ಬಿಡುಗಡೆಯಾಗಿ ಬಂದ ಮೇಲೆ ಪಟ್ಟ ಯಾರಿಗೆ ಎಂಬ ಜಗಳ. ಮಕ್ಕಳು ತಮ್ಮ ತಮ್ಮೊಳಗೆ ಕಚ್ಚಾಡುತ್ತಾರೆ, ಆದರೆ ಒಂದು ವಿಷಯದಲ್ಲಿ ಮೂವರೂ ಒಂದು: ತಾಯಿ ಮುದ್ರೆಯುಂಗುರ ಕೊಟ್ಟು ದೂರದ ಅರಮನೆಗೆ ಹೋಗಬೇಕು. ಕೊನೆಯಲ್ಲಿ ರಾಣಿ ಉಂಗುರ ಕೊಟ್ಟು, "ಕಂದಗಳಿರಾ, ನಿಮಗೆ ಮಂಗಳವಾಗಲಿ" ಎಂದು ಹರಸಿ ಹೊರಟುಹೋಗುತ್ತಾಳೆ. ನಾನು ಕಿರಿಯ ಮಗ.

ಇತಿಹಾಸದ ತಪ್ಪುಗಳಿದ್ದರೆ ತಿದ್ದಲಿ ಎಂದು ನಾನೇ ಅಕ್ಕೋರನ್ನು ತಾಲೀಮಿಗೆ ಕರೆದುಕೊಂಡು ಹೋಗಿದ್ದೆ. ಸಾಲೆಯೊಂದರ ಖಾಲಿ ಕೋಣೆಯಲ್ಲಿ ಸಂಜೆ ಐದರ ಮೇಲೆ ನಮ್ಮ ತಾಲೀಮು. ರಾಣಿಯ ಪಾತ್ರಕ್ಕೆ ಹೊರಗಿನ ಕಲಾವಿದೆಯನ್ನು ಕರೆಸುವುದೆಂದು ಮಾತಾಗಿತ್ತು. ಸಣ್ಣ ಊರುಗಳಲ್ಲಿ ಮನೆತನಸ್ಥರ ಹೆಣ್ಣುಮಕ್ಕಳು ರಂಗ ಹತ್ತುವುದಿಲ್ಲ. ಆಕೆ ಬರುವವರೆಗೆ ರಾಣಿಯ ಮಾತನ್ನೂ ನಾನೇ ಓದುತ್ತಿದ್ದೆ. ಹೆಣ್ಣು ದನಿ ಮಾಡಿ, ಗಂಟಲು ನಡುಗಿಸಿ ಓದುತ್ತಿದ್ದೆನೆಂದು ತೋರುತ್ತದೆ. ಮೂಲೆಯಲ್ಲಿ ಕೂತಿದ್ದ ಅಕ್ಕೋರು ಎದ್ದು ಬಂದರು.

"ಲೇ ತಮ್ಮಾ, ಒಂಬತ್ತು ವರ್ಷ ರಾಜ್ಯಾ ಆಳಿದಾಕಿ ಹಿಂಗ ಮೂಗಿನಾಗ ಅಳ್ತಾಳೇನು? ತಾ ಇಲ್ಲೆ."

ನನ್ನ ಕೈಯಿಂದ ನೋಟ್‌ಬುಕ್ ಇಸಿದುಕೊಂಡು ಓದಿದರು. ದನಿ ಏರಿಸಲಿಲ್ಲ, ಕೈ ಆಡಿಸಲಿಲ್ಲ. ತರಗತಿಯಲ್ಲಿ ಹಾಜರಿ ಕರೆದಷ್ಟು ಸಹಜವಾಗಿ, "ನನ್ನ ಮಕ್ಕಳ ಪೈಕಿ ಹಸಿದವರು ಯಾರು, ಆಸೆಬುರುಕರು ಯಾರು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?" ಎಂದರು. ರಾಜನ ಪಾತ್ರದ ನಿವೃತ್ತ ಬಸ್ ಡ್ರೈವರ್, ಬಾಯಿತುಂಬ ಇದ್ದ ಎಲೆ-ಅಡಿಕೆ ಉಗುಳುವುದನ್ನೂ ಮರೆತು ನಿಂತುಬಿಟ್ಟ.

ಮಾಸ್ತರು ಮೆಲ್ಲಗೆ ಕೇಳಿದರು. "ಅಕ್ಕೋರ, ನೀವಽ ಯಾಕ ಮಾಡಬಾರ್ದರಿ?"

ಅಕ್ಕೋರು ನೋಟ್‌ಬುಕ್ ಮುಚ್ಚಿ ನನ್ನ ಕೈಗಿಟ್ಟು, ಕೊಡೆ ತೆಗೆದುಕೊಂಡು ಹೋಗಿಬಿಟ್ಟರು. ಸಿಟ್ಟು ಬಂತು ಎಂದುಕೊಂಡೆವು. ನಾಲ್ಕನೆಯ ದಿನ ಅಂಚೆ ಕಚೇರಿಯ ಕಿಂಡಿಯಲ್ಲಿ ಮುಖ ಕಂಡಿತು. "ತಮ್ಮಾ, ಆ ಮಾತೆಲ್ಲಾ ಬರದು ಕೊಡು. ಬಾಯಿಪಾಠ ಮಾಡ್ತೇನಿ" ಎಂದರು. ನಿವೃತ್ತರಾಗಿ ಆಗಲೇ ಒಂದು ವರ್ಷವಾಗಿತ್ತು. ಆ ವರ್ಷವಿಡೀ ಅವರು ದಿನಕ್ಕೆ ಎಷ್ಟು ಮಾತಾಡಿರಬಹುದು, ಯಾರ ಜೊತೆ ಮಾತಾಡಿರಬಹುದು ಎಂದು ನಾನು ಆವರೆಗೂ ಯೋಚಿಸಿಯೇ ಇರಲಿಲ್ಲ. ಎರಡು ಲಕೋಟೆಗಾಗಿ ವಾರಕ್ಕೆ ಮೂರು ಸಲ ಅಂಚೆ ಕಚೇರಿಗೆ ಯಾಕೆ ಬರುತ್ತಿದ್ದರೆಂಬುದು ಆಗ ಹೊಳೆಯಿತು.

ತಾಲೀಮಿನಲ್ಲಿ ಅವರು ಬೇರೆಯೇ ಮನುಷ್ಯರಾದರು. ಎಲ್ಲರಿಗಿಂತ ಮೊದಲು ಬಂದು ಕೋಣೆಯ ಕಸ ಹೊಡೆದು, ಕುರ್ಚಿ ಸರಿಸಿಡುತ್ತಿದ್ದರು. ಚೀಲದಲ್ಲಿ ಚುರುಮುರಿ, ಪುಟಾಣಿ ಇರುತ್ತಿದ್ದವು. ನಡುವಿನ ಮಗನ ಪಾತ್ರದ ಔಷಧಿ ಅಂಗಡಿಯವನಿಗೆ ಕೆಮ್ಮು ಬಂದರೆ ಅವನಿಗೇ ಔಷಧಿ ಹೇಳುತ್ತಿದ್ದರು. ಹಿರಿಯ ಮಗ ರಬಕವಿಯ ನೇಕಾರ. ಅವನು ಬರುವುದು ತಡವಾದರೆ ಕಿಟಕಿಯ ಬಳಿ ಹೋಗಿ ನಿಲ್ಲುತ್ತಿದ್ದರು. ಒಂದೇ ವಿಷಯಕ್ಕೆ ಅವರಿಗೂ ಮಾಸ್ತರಿಗೂ ಜಗಳ. ಅದು ಕೊನೆಯ ಮಾತು.

"ಇಷ್ಟೆಲ್ಲಾ ಮಾಡಿದಾಕಿ, ಮಂಗಳವಾಗಲಿ ಅಂತ ಹೇಳಿ ಸುಮ್ನ ಹೋಗಿಬಿಡ್ತಾಳೇನ್ರಿ ಮಾಸ್ತರ?"

"ಬರದವ್ರು ಹಂಗ ಬರದಾರ್ರಿ ಅಕ್ಕೋರ. ತೀರಿಕೊಂಡವ್ರ ಮಾತು. ಮುಟ್ಟಬಾರ್ದು."

"ಬರದವ್ರು ಗಂಡಸರು" ಎನ್ನುತ್ತಿದ್ದರು ಅಕ್ಕೋರು. ಆಮೇಲೆ ಬರೆದಿದ್ದ ಹಾಗೆಯೇ ಹೇಳುತ್ತಿದ್ದರು.

ನಾಟಕಕ್ಕೆ ಹದಿನೈದು ದಿನ ಇರುವಾಗ ಮಾಸ್ತರು ಅಕ್ಕೋರಿಗೆ ಕಿರೀಟ ತೊಡಿಸಿ ಫೋಟೋ ತೆಗೆಸಿ ವಾಟ್ಸ್ಯಾಪಿನಲ್ಲಿ ಹರಿಬಿಟ್ಟರು. ಮರುದಿನವೇ ಮುಧೋಳದ ದೊಡ್ಡ ತಮ್ಮ ಬಂದರು. ನಾವು ತಾಲೀಮಿನ ನಡುವೆ ಇದ್ದೆವು. ಅವರು ಒಳಗೆ ಬರದೆ ಬಾಗಿಲಲ್ಲೇ ನಿಂತರು.

"ಅಕ್ಕಾ, ಮನಿಗೆ ನಡಿ."

"ಇದು ಮುಗೀಲಿ, ಬರ್ತೇನಿ. ಕುಂಡ್ರು ಬಾ."

"ಕುಂಡ್ರಾಕ ಬಂದಿಲ್ಲ ನಾ. ಈ ವಯಸ್ಸಿನಾಗ ಬಣ್ಣಾ ಹಚ್ಚಕೊಂಡು ಮಂದಿ ಮುಂದ ಕುಣೀತಿಯೇನು?"

"ಕುಣಿಯೂದಿಲ್ಲಪಾ. ಮಾತಾಡ್ತೇನಿ ಅಷ್ಟ."

"ನನ್ನ ಮಗಳಿಗೆ ವರಾ ನೋಡಾಕತ್ತೇವಿ. ನಾಟಕದಾಕಿ ಮನಿತನಾ ಅಂದ್ರ ಯಾರು ಮಾಡಕೋತಾರ? ಅದನ್ನರೆ ವಿಚಾರ ಮಾಡೀಯೇನು?"

ಆ ಮಾತು ಅಕ್ಕೋರಿಗೆ ನಾಟಿತ್ತು. ಆ ಹುಡುಗಿಗೆ ಅಕ್ಷರ ತಿದ್ದಿಸಿದವರು ಅವರೇ. "ಸಾಲ್ಯಾಗ ಮೂವತ್ತೆಂಟು ವರ್ಷ ಮಂದಿ ಮುಂದ ನಿಂತು ಮಾತಾಡೇನಿ. ಆವಾಗ ನಿಮಗ್ಯಾರಿಗೂ ನಾಚಿಕಿ ಬರ್ಲಿಲ್ಲ" ಎಂದರು.

"ಹಂಗಾದ್ರ ನೀ ಕೇಳಂಗಿಲ್ಲ. ಕೇಳಂಗಿಲ್ಲಂದ್ರ ಆ ಮನಿ ಬಿಡು. ಅದು ನಮ್ಮಪ್ಪನ ಮನಿ. ನಾಟಕದಾವ್ರಿಗೆ ಇರಾಕಲ್ಲ."

ಅಕ್ಕೋರ ಕೈ ಸೆರಗಿನ ತುದಿಗೆ ಹೋಗಿ ಸುಣ್ಣವೇ ಇಲ್ಲದ ಬೆರಳುಗಳನ್ನು ಒರೆಸತೊಡಗಿತು. ತಮ್ಮ ಒಂದಿಷ್ಟು ಹೊತ್ತು ಕಾದು ಹೋದರು. ಮೋಟರ್ ಸೈಕಲ್ಲಿನ ಸಪ್ಪಳ ಕೇಳದಾದ ಮೇಲೆ ಅಕ್ಕೋರು ನನ್ನ ಕಡೆ ನೋಡಿದರು. "ಎಲ್ಲಿಗಿ ಬಂದಿದ್ವೋ ತಮ್ಮಾ?" ನಾನು ಸಾಲು ಹೇಳಿಕೊಟ್ಟೆ. ಮುಂದುವರಿಸಿದರು.

ಮೊದಲ ಆಟ ಜಮಖಂಡಿಯಲ್ಲಿ. ಹಳೆಯ ವಿದ್ಯಾರ್ಥಿಗಳೇ ಮೈದಾನ ತುಂಬಿದ್ದರು. ಮುಂದಿನ ಸಾಲಿನಲ್ಲಿ ಮೂರು ಕುರ್ಚಿಗಳ ಮೇಲೆ ಯಾರೂ ಕೂರದ ಹಾಗೆ ನೋಡಿಕೋ ಎಂದು ಅಕ್ಕೋರು ನನಗೆ ಹೇಳಿದ್ದರು. ಜನ ನಿಂತು ನೋಡುತ್ತಿದ್ದರೂ ಆ ಮೂರು ಕುರ್ಚಿ ಕೊನೆಯವರೆಗೆ ಖಾಲಿ ಇದ್ದವು.

ಎರಡನೆಯದು ಬನಹಟ್ಟಿಯಲ್ಲಿ. ಮಗ್ಗಗಳ ಖಟಖಟ ನಿಂತ ಮೇಲೆ ಜನ ಬಂದು ನೆಲದ ಮೇಲೆ ಕೂತರು, ಹೆಣ್ಣುಮಕ್ಕಳೇ ಹೆಚ್ಚು. ಕೊನೆಯ ದೃಶ್ಯದಲ್ಲಿ ರಾಣಿ ಬೆರಳಿನ ಉಂಗುರ ತೆಗೆಯುವಾಗ, ನಡುವಿನಿಂದ ಒಬ್ಬ ಮುದುಕಿ ಎದ್ದು ನಿಂತು ಚೀರಿದಳು: "ಕೊಡಬ್ಯಾಡಬೇ! ಕೊಟ್ರ ತಿರುಗಿ ನೋಡೂದಿಲ್ಲ ಅವ್ರು!" ಜನ ನಕ್ಕರು. ಅಕ್ಕೋರು ನಗಲಿಲ್ಲ. ಉಂಗುರ ಹಿಡಿದ ಕೈ ಗಾಳಿಯಲ್ಲಿ ಹಾಗೆಯೇ ನಿಂತಿತು. ಆಮೇಲೆ ಕೊಟ್ಟರು, ಮಂಗಳವಾಗಲಿ ಎಂದರು, ಹೋದರು. ಒಳಗೆ ಕಿರೀಟ ತೆಗೆಯುತ್ತ, "ಆ ಮುದುಕಿ ಮನಿ ಎಲ್ಲೈತಿ, ಯಾರಿಗರೆ ಗೊತ್ತೈತೇನು?" ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ.

ಮುಧೋಳದ ಆಟದ ದಿನ ಮಧ್ಯಾಹ್ನ ಅವರು ತಾವೇ ದೊಡ್ಡ ತಮ್ಮನ ಮನೆಗೆ ಕರೆಯಲು ಹೋದರು. ಅರ್ಧ ಗಂಟೆಯಲ್ಲಿ ತಿರುಗಿ ಬಂದರು. ಏನಾಯಿತು ಎಂದು ಕೇಳುವ ಧೈರ್ಯ ನಮಗಿರಲಿಲ್ಲ. ಅವರೇ ಹೇಳಿದರು: "ಅಂವ ಒಳಗಿದ್ದ. ಹೊರಗ ಬರ್ಲಿಲ್ಲ. ತಮ್ಮನ ಹೇಣ್ತಿ ನೀರು ಕೊಟ್ಲು. ಕುಡದು ಬಂದೆ." ಆ ದಿನ ಮೊದಲ ಬಾರಿಗೆ ರಂಗದ ಮೇಲೆ ಅವರಿಗೆ ಎರಡು ಕಡೆ ಮಾತು ಮರೆತುಹೋಯಿತು.

ಮುಧೋಳದಿಂದ ನೇರ ಬೀಳಗಿಗೆ. ಪರದೆ, ಪೆಟ್ಟಿಗೆ, ನಾವು, ಎಲ್ಲ ಒಂದೇ ಟೆಂಪೋದಲ್ಲಿ. ಲೋಕಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅಕ್ಕೋರು ಕೆಳಗಿಳಿದು ರಸ್ತೆಯಾಚೆಯ ಓಣಿಯನ್ನೇ ನೋಡುತ್ತಿದ್ದರು. ನಾನು ಚಹಾ ಒಯ್ದು ಕೊಟ್ಟೆ.

"ಈ ಊರಾಗ ನನಗೊಂದು ಮನಿ ನೋಡಿದ್ರೋ ತಮ್ಮಾ" ಎಂದರು. "ಹುಡುಗ ಮಾಸ್ತರಿಕಿ ಮಾಡ್ತಿದ್ದ. ಛಲೋ ಇದ್ದ. ಮದವಿ ಗಟ್ಟಿ ಆಗಿತ್ತು. ಅಷ್ಟರಾಗ ನಮ್ಮ ಸಣ್ಣಾಂವಗ ಟೈಫೈಡ್ ಬಂತು. ನಾಕನೇ ಇಯತ್ತ್ಯಾಗ ಇದ್ದ. ನನ್ನ ಸೆರಗು ಹಿಡಕೊಂಡು ಬಿಡವಲ್ಲ. ಅಕ್ಕಾ ಹೋಗಬ್ಯಾಡ, ಅಕ್ಕಾ ಹೋಗಬ್ಯಾಡ. ಒಂದು ವರ್ಷ ತಡೀರಿ ಅಂದೆ. ಅವ್ರು ತಡೀಲಿಲ್ಲ."

"ಆಮ್ಯಾಲ ಬ್ಯಾರೆ ನೋಡಲಿಲ್ಲೇನ್ರಿ?"

"ಯಾರು ನೋಡಬೇಕು? ನೋಡಾಕಿ ಅಂದ್ರ ಮನ್ಯಾಗ ನಾನಽ ಅಲ್ಲೇನು." ಬಟ್ಟಲು ನನ್ನ ಕೈಗಿಟ್ಟು ಟೆಂಪೋ ಹತ್ತಿದರು. ಬೀಳಗಿ ಬರುವವರೆಗೆ ಕಿಟಕಿಯಾಚೆ ನೋಡುತ್ತಲೇ ಇದ್ದರು.

ಬೀಳಗಿಯ ಆಟ ಹೊತ್ತು ಮುಳುಗುವಾಗಲೇ ಶುರುವಾಯಿತು. ಹಿನ್ನೀರಿನ ಕಡೆಯಿಂದ ಬೀಸುವ ಗಾಳಿಗೆ ಪರದೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಜನ ಇನ್ನೂರರಷ್ಟು ಇದ್ದಿರಬಹುದು. ಎಲ್ಲವೂ ಸರಿಯಾಗಿಯೇ ನಡೆಯಿತು. ಕೊನೆಯ ದೃಶ್ಯ ಬಂತು. ರಾಜ ಸಿಂಹಾಸನದ ಮೇಲೆ, ನಾವು ಮೂವರು ಮಕ್ಕಳು ಸಾಲಾಗಿ. ಹಿರಿಯವನು ಕೈ ಚಾಚಿ ಉಂಗುರ ಕೇಳಿದ. ರಾಣಿ ತೆಗೆದುಕೊಟ್ಟಳು. ಇನ್ನು "ಕಂದಗಳಿರಾ" ಎನ್ನಬೇಕು. ಅನ್ನಲಿಲ್ಲ.

ಮರೆತರೆಂದು ತಿಳಿದು ಮಾಸ್ತರು ಮರೆಯಿಂದ ಸಣ್ಣಗೆ ಹೇಳಿಕೊಟ್ಟರು: "ಕಂದಗಳಿರಾ, ನಿಮಗೆ..." ಅಕ್ಕೋರು ಕೇಳಿಸಿದರೂ ಕೇಳಿಸದಂತೆ ನಮ್ಮ ಮೂವರ ಮುಖವನ್ನು ಒಂದೊಂದಾಗಿ ನೋಡಿದರು. ನನ್ನ ಮುಖದ ಮೇಲೆ ಕಣ್ಣು ನಿಂತಾಗ ನನಗೆ ತಲೆ ತಗ್ಗಿಸುವ ಹಾಗಾಯಿತು. ಆಮೇಲೆ ಮಾತಾಡಿದರು. ಅದು ನಾಟಕದ ಭಾಷೆಯಲ್ಲ, ತಮ್ಮ ಮನೆಯ ಅಡುಗೆಮನೆಯಲ್ಲಿ ನಿಂತು ಆಡುವ ಮಾತು.

"ಉಂಗುರಾ ತಗೋರಿ. ಅದು ನಿಮ್ದು. ಆದ್ರ ನಾ ಎಲ್ಲೂ ಹೋಗಂಗಿಲ್ಲ. ನಿಮ್ಮನ್ನ ಎತ್ತಿ ಆಡಿಸಿದ ಮನಿ ಇದು. ನಂದೂ ಐತಿ. ನೀವು ಬರ್ತೀರಿ, ಬರ್ರಿ. ಒಲ್ಲೆಂದ್ರ ಬಿಡ್ರಿ. ನಾ ಇಲ್ಲೇ ಇರ್ತೇನಿ."

ಹೀಗೆ ಹೇಳಿ, ಸಿಂಹಾಸನದ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾವು ಮೂವರು ಹೋಗಬೇಕೋ ನಿಲ್ಲಬೇಕೋ ತಿಳಿಯದೆ ನಿಂತೆವು. ಮಾಸ್ತರು ಪರದೆ ಎಳೆಸಿದರು. ಹೊರಗೆ ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಒಳಗೆ ಅಕ್ಕೋರು ಮೆಟ್ಟಿಲಿನಿಂದ ಏಳಲಿಲ್ಲ. ಮಾಸ್ತರು ಬೈಯಲೆಂದೇ ಬಂದವರು, ಅವರ ಮುಖ ನೋಡಿ ಸುಮ್ಮನೆ ಒಂದು ಲೋಟ ನೀರು ತರಿಸಿದರು.

ನಾನು ಮುಖದ ಬಣ್ಣ ತೊಳೆಯಲು ನಳದ ಕಡೆ ಹೋದೆ. ಅಲ್ಲಿ ಟವೆಲ್ಲು ತಲೆಗೆ ಸುತ್ತಿಕೊಂಡ ಒಬ್ಬರು ನಿಂತಿದ್ದರು. ಬೀಳಗಿಯ ಸಣ್ಣ ತಮ್ಮ. ಪಂಚಮಿಯಲ್ಲಿ ನೋಡಿದ್ದರಿಂದ ಗುರುತು ಹಿಡಿದೆ. ಕಣ್ಣು ಕೆಂಪಗಿದ್ದವು.

"ಹಿಂದ ನಿಂತು ಪೂರಾ ನೋಡಿದ್ನಿರಿ" ಎಂದರು. "ಕಡೀಕ ಅಂದ್ಲಲ್ಲ, ಅದು ನಾಟಕದಾಗಿನ ಮಾತಲ್ಲ. ಹೌದಲ್ಲರಿ?"

"ಅಲ್ರಿ. ಬರ್ರಿ, ಒಳಗ ಅದಾರ. ಭೆಟ್ಟಿ ಆಗ್ರಿ."

ಅವರು ಎರಡು ಹೆಜ್ಜೆ ಬಂದರು, ನಿಂತರು. "ಬ್ಯಾಡ್ರಿ. ನಾ ಭೆಟ್ಟಿ ಆದದ್ದು ಅಣ್ಣಗ ತಿಳದ್ರ ದೊಡ್ಡ ಗದ್ದಲ ಆಕ್ಕೈತಿ. ಅವನ ಮಗಳ ಮದವಿ ಮುಗೀಲಿ, ನಾನಽ ಹೋಗ್ತೇನಿ ಅಕ್ಕನ ಕಡೆ." ನನ್ನ ಎರಡೂ ಕೈ ಹಿಡಿದುಕೊಂಡರು. "ನಾ ಬಂದಿದ್ದೆ ಅಂತ ಹೇಳಬ್ಯಾಡ್ರಿ. ಹೇಳಿದ್ರ ಬರ್ತಾನ ಅಂತ ದಾರಿ ಕಾಯ್ಕೋತ ಕುಂಡ್ರತಾಳ."

ನಾನು ಹೂಂ ಅಂದೆ. ಅವರು ಗೇಟಿನ ಕಡೆ ನಡೆದು ಹೋದರು.

ಆಟವೇನೋ ಬೀಳಗಿಗೆ ಮುಗಿಯಿತು. ಮಾಸ್ತರು ಮುಂದಿನ ವರ್ಷ ಹೊಸ ನಾಟಕ ಎತ್ತಿಕೊಂಡರು. ಅದರಲ್ಲಿ ವಯಸ್ಸಾದ ಹೆಣ್ಣಿನ ಪಾತ್ರ ಇರಲಿಲ್ಲ. ಅಕ್ಕೋರು ಮನೆ ಬಿಡಲಿಲ್ಲ. ಬಿಡಿಸಲು ತಮ್ಮಂದಿರೂ ಮುಂದೆ ಬರಲಿಲ್ಲ. ಹಾಗೆ ನೋಡಿದರೆ ಅಕ್ಕೋರೇ ಗೆದ್ದರು. ಆದರೆ ಆ ಹೊಸ್ತಿಲನ್ನು ಯಾರೂ ತುಳಿಯಲಿಲ್ಲ. ದೊಡ್ಡ ತಮ್ಮನ ಮಗಳ ಮದುವೆಯಾಯಿತು. ಕಾರ್ಡು ಬರಲಿಲ್ಲ. "ಹುಡುಗ ಬಾಗಲಕೋಟಿಯಾಂವಂತ, ಛಲೋ ಅದಾನಂತ" ಎಂದು ಕಿಂಡಿಯಲ್ಲಿ ಮುಖವಿಟ್ಟು ನನಗೆ ಹೇಳಿದರು. ಯಾರಿಂದ ತಿಳಿಯಿತೆಂದು ಹೇಳಲಿಲ್ಲ. ಮದುವೆ ಮುಗಿದ ಮೇಲೆ ಬರುತ್ತೇನೆ ಎಂದಿದ್ದ ಸಣ್ಣವರು ಬರಲಿಲ್ಲ. ನಾನು ದಿನಾ ಕಾದೆ.

ಪಂಚಮಿ ಬಂತು. ಅಕ್ಕೋರು ಮೂರು ಡಬ್ಬಿ ಉಂಡಿ ಕಟ್ಟಿ, ಬಿಳಿ ಬಟ್ಟೆಯಲ್ಲಿ ಹೊಲಿದು, ರಿಜಿಸ್ಟರ್ ಪಾರ್ಸಲ್ ಮಾಡಲು ತಂದರು. ದಪ್ಪ ಅಕ್ಷರದಲ್ಲಿ ಮೂರು ವಿಳಾಸ. "ಮುರೀದಂಗ ಹೋಗ್ತಾವಲ್ಲೋ?" ಎಂದು ಎರಡೆರಡು ಸಲ ಕೇಳಿದರು. ವಾರದೊಳಗೆ ಎರಡು ತಿರುಗಿ ಬಂದವು. ಮುಧೋಳದ್ದು, ಸಮೀರವಾಡಿಯದು. ಎರಡರ ಮೇಲೂ "ತೆಗೆದುಕೊಳ್ಳಲು ನಿರಾಕರಿಸಿದರು" ಎಂದು ಬರೆದಿತ್ತು. ಮನೆಗೆ ಪೋಸ್ಟ್‌ಮನ್‌ನನ್ನು ಕಳಿಸಲು ಮನಸ್ಸಾಗಲಿಲ್ಲ. ಅವರು ಬಂದಾಗ ನಾನೇ ಕೌಂಟರಿನ ಮೇಲಿಟ್ಟೆ. ಅಕ್ಕೋರು ಆ ಸಾಲನ್ನು ಓದಿದರು. ಹೊಲಿಗೆ ಬಿಚ್ಚಲು ಕತ್ತರಿ ಕೇಳಿದರು. ಡಬ್ಬಿ ತೆರೆದು ಕಚೇರಿಯ ಎಲ್ಲರನ್ನೂ ಕರೆದರು. "ತಗೋರಿ, ಹಬ್ಬದ್ದು ಐತಿ. ಮೆತ್ತಗಾಗಿದ್ರ ಹೇಳ್ರಿ." ಎಲ್ಲರೂ ತಿಂದರು. ಅವರು ತಿನ್ನಲಿಲ್ಲ.

"ಬೀಳಗಿದು ತಿರುಗಿ ಬಂತೇನೋ?"

"ಇಲ್ರಿ."

"ಒಂದರೆ ಮುಟ್ಟಿತಲ್ಲ" ಎಂದರು. ಖಾಲಿ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟರು.

ಸಣ್ಣ ತಮ್ಮ ಆಟ ನೋಡಲು ಬಂದದ್ದನ್ನು ಆಗಲೇ ಹೇಳಬಹುದಿತ್ತು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದೇ ನನ್ನ ನೌಕರಿ. ಈ ಒಂದನ್ನು ಮಾತ್ರ ಇಟ್ಟುಕೊಂಡು ಕೂತೆ. ಕೊಟ್ಟ ಮಾತು ಎಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ಪಂಚಮಿಗೆ ಅಕ್ಕೋರು ಒಂದೇ ಪಾರ್ಸಲ್ ತಂದರು, ಬೀಳಗಿಗೆ ಕಳಿಸಲು. ಅದರ ಮುಂದಿನ ವರ್ಷವೂ ಒಂದೇ. ಪ್ರತಿ ಸಲ ವಾರವಾದ ಮೇಲೆ ಬಂದು, ತಿರುಗಿ ಬಂದಿಲ್ಲವೆಂದು ಖಾತ್ರಿ ಮಾಡಿಕೊಂಡು ಹೋಗುತ್ತಿದ್ದರು. ಬೀಳಗಿಯಿಂದ ಒಂದು ಕಾರ್ಡು ಬರಲಿಲ್ಲ, ಒಂದು ಫೋನು ಬರಲಿಲ್ಲ.

ಹೋದ ವರ್ಷ ಅವರಿಗೆ ಉಸಿರಾಟದ ತೊಂದರೆ ಶುರುವಾಯಿತು. ರಸ್ತೆಯ ನಡುವೆ ನಡೆಯುವುದು ನಿಂತಿತು. ಗೋಡೆ ಹಿಡಿದು ಬದಿಯಲ್ಲಿ ಬರುತ್ತಿದ್ದರು, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಬಾಗಲಕೋಟೆಯ ಆಸ್ಪತ್ರೆಗೆ ಸೇರಿಸಿದವರು ಪಕ್ಕದ ಮನೆಯವರು ಮತ್ತು ನಾನು. ಮೂವರು ತಮ್ಮಂದಿರಿಗೂ ಫೋನ್ ಮಾಡಿದೆ. ದೊಡ್ಡವರು "ನೋಡೋಣ್ರಿ" ಎಂದರು. ನಡುವಿನವರು ಹೆಂಡತಿಯನ್ನು ಕಳಿಸಿದರು. ಆಕೆ ಒಂದು ತಾಸು ಕೂತು ಹೋದರು. ಸಣ್ಣವರು ಫೋನ್ ಎತ್ತಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ, ವಾರ್ಡಿನಲ್ಲಿ ಬೇರೆ ರೋಗಿಗಳ ಮಂದಿ ಬುತ್ತಿ ಬಿಚ್ಚುವ ಹೊತ್ತು. ಪ್ರತಿ ಹಾಸಿಗೆಯ ಸುತ್ತ ನಾಲ್ಕೈದು ಜನ. ಅಕ್ಕೋರು ಅವರನ್ನೇ ನೋಡುತ್ತಿದ್ದರು. ಆಗ ನನಗೆ ತಡೆಯಲಾಗಲಿಲ್ಲ.

"ಅಕ್ಕೋರ, ಒಂದು ಮಾತು ಹೇಳೂದಿತ್ತು. ಬೀಳಗ್ಯಾಗ ನಾಟಕಾ ಆತಲ್ಲರಿ, ಅವತ್ತು ನಿಮ್ಮ ಸಣ್ಣ ತಮ್ಮ ಬಂದಿದ್ರು. ಹಿಂದ ನಿಂತು ನೋಡಿದ್ರು. ನಿಮಗ ಹೇಳಬ್ಯಾಡ ಅಂದಿದ್ರು."

ಬೈಯುತ್ತಾರೆ ಎಂದುಕೊಂಡಿದ್ದೆ, ಇಲ್ಲವೇ ಅಳುತ್ತಾರೆ ಎಂದು. ಎರಡೂ ಆಗಲಿಲ್ಲ. ಮುಖಕ್ಕೆ ಹಾಕಿದ್ದ ಆಕ್ಸಿಜನ್ ಮಾಸ್ಕನ್ನು ಕೈಯಿಂದ ಸರಿಸಿದರು.

"ಪೂರಾ ನೋಡಿದ್ನ?"

"ಪೂರಾ ನೋಡಿದ್ರರಿ. ನೀವು ಕಡೀಕ ಅಂದದ್ದೂ ಕೇಳಿದ್ರು. ಅತ್ತಿದ್ರು."

ಉಸಿರು ಕೂಡಿಸಿಕೊಂಡು ಕೇಳಿದರು.

"ಅವತ್ತು ಊಟಾ ಮಾಡಿ ಹೋದ್ನೋ, ಹಂಗಽ ಹೋದ್ನೋ?"

ಅವತ್ತು ಆಟ ನಡೆದ ಸಾಲೆಯ ಪಡಸಾಲೆಯಲ್ಲಿ ನಮಗೆಲ್ಲ ಊಟದ ಏರ್ಪಾಡು ಇತ್ತು. ಬಿಸಿ ರೊಟ್ಟಿ, ಎಣಗಾಯಿ ಪಲ್ಯ. ಬಂದವರಿಗೆಲ್ಲ ಬಡಿಸುತ್ತಿದ್ದರು. ಸಣ್ಣ ತಮ್ಮ ಗೇಟು ದಾಟಿದ ಮೇಲೆ ನಾನು ಹೋಗಿ ಪಂಗತಿಯಲ್ಲಿ ಕೂತು ಹೊಟ್ಟೆ ತುಂಬ ಉಂಡಿದ್ದೆ. ಅಕ್ಕೋರ ಮುಂದೆ ಸುಳ್ಳು ಹೇಳಿ ನನಗೆ ರೂಢಿ ಇರಲಿಲ್ಲ.

"ಹಂಗಽ ಹೋದ್ರರಿ."

"ನೀನರೆ ಕರೀಬೇಕಾಗಿತ್ತಲ್ಲೋ ತಮ್ಮಾ."

ಅವರು ಮಾಸ್ಕು ಮತ್ತೆ ಹಾಕಿಕೊಳ್ಳಲು ನೋಡಿದರು, ಕೈ ಸಾಗಲಿಲ್ಲ. ನಾನು ಹಾಕಲು ಬಾಗಿದಾಗ, ನನ್ನನ್ನಲ್ಲ, ಎದುರಿನ ಹಾಸಿಗೆಯ ಬುತ್ತಿಯ ಗಂಟನ್ನು ನೋಡುತ್ತ ಹೇಳಿದರು:

"ಅಂವಗ ಸಣ್ಣಾಂವ ಇದ್ದಾಗಿಂದ ಹಸಿವಿ ತಡಕೊಳ್ಳಾಕ ಆಗೂದಿಲ್ಲ."